ಗಣಿನಾಡಿನಿಂದ ಆಗ್ನೇಯ ಏಷ್ಯದವರೆಗೆ: ತರುಣರ ರಾಷ್ಟ್ರೀಯ ಕಾಲ್ಚೆಂಡು ತಂಡಗಳನ್ನು ಕುರಿತು ಒಂದು ವಿವೇಚನೆ

ಇಪ್ಪತ್ತು ವರ್ಷ ತುಂಬದ ಹುಡುಗರನ್ನು ಆಯ್ದು, ಅವರ ಅಂಗಿಯ ಮೇಲೆ ರಾಷ್ಟ್ರದ ಲಾಂಛನವನ್ನಿಟ್ಟು, ನೆರೆಯ ದೇಶಗಳ ಅಂಥವೇ ತಂಡಗಳೊಡನೆ ಆಡಿಸುವ ಪದ್ಧತಿ ಏಷ್ಯಖಂಡದಲ್ಲಿ 1959ರಿಂದ ಈಚೆಗೆ ರೂಢಿಗೆ ಬಂದಿತು. ಕ್ರೀಡಾವಾರ್ತೆಗಳನ್ನು ಓದುವವರಿಗೆ ಇದು ಪರಿಚಿತ ವಿಷಯ. ಇತಿಹಾಸದ ವಿದ್ಯಾರ್ಥಿಗಳು ಮಾತ್ರ ಇದರತ್ತ ಅಷ್ಟಾಗಿ ಗಮನವಿತ್ತಿಲ್ಲ. ಆದರೆ ಒಂದು ತರುಣ ತಂಡದ ಹೆಸರುಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಈ ಹುಡುಗರು ಯಾವ ಊರಿನವರು, ಇವರಿಗೆ ಚೆಂಡು ಕೊಟ್ಟವರಾರು, ಇವರ ವಯಸ್ಸನ್ನು ಬರೆದವರಾರು ಎಂದು ಕೇಳಹೊರಟರೆ ಆ ಪಟ್ಟಿ ಶಾಸನಪಾಠದಷ್ಟೇ ಮಾತನಾಡತೊಡಗುತ್ತದೆ. ಆಗ್ನೇಯ ಏಷ್ಯದಲ್ಲಿ ಈ ಪಂದ್ಯಾವಳಿಗಳು ಹುಟ್ಟಿದ ಸನ್ನಿವೇಶವನ್ನೂ, ಅವುಗಳಿಗೂ ನಮ್ಮ ಮೈಸೂರು ಸೀಮೆಗೂ, ವಿಶೇಷವಾಗಿ ಕೋಲಾರದ ಚಿನ್ನದ ಗಣಿಗಳ ಪ್ರದೇಶಕ್ಕೂ ಇರುವ ಸಂಬಂಧವನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಏಷ್ಯದ ಕಾಲ್ಚೆಂಡು ಒಕ್ಕೂಟ 1954ರಲ್ಲಿ ಫಿಲಿಪೈನ್ಸಿನ ಮನಿಲಾ ನಗರದಲ್ಲಿ ಸ್ಥಾಪಿತವಾಯಿತು. ನಾಲ್ಕು ವರ್ಷಗಳ ಮೇಲೆ, 1958ರಲ್ಲಿ, ಅದರ ಅಧ್ಯಕ್ಷಪದವಿಗೆ ಬಂದವರು ಮಲಯದ ಪ್ರಧಾನಿ ತುಂಕು ಅಬ್ದುಲ್ ರಹಮಾನ್. 1977ರವರೆಗೆ ಅವರೇ ಆ ಸ್ಥಾನದಲ್ಲಿದ್ದರು. ಒಂದು ದೇಶದ ಆಡಳಿತವನ್ನು ನಡೆಸುತ್ತಿದ್ದ ವ್ಯಕ್ತಿ ಚೆಂಡಾಟದ ಒಕ್ಕೂಟಕ್ಕೂ ಮುಖ್ಯಸ್ಥನಾಗಿ ಇಷ್ಟು ದೀರ್ಘಕಾಲ ದುಡಿದದ್ದು ಅಪರೂಪದ ಸಂಗತಿ. ಅದನ್ನು ಕೇವಲ ಆಟದ ಮೇಲಣ ಅಕ್ಕರೆಯೆಂದು ತಿಳಿದರೆ ಸಾಲದು. ಮಲಯ ಸ್ವತಂತ್ರವಾದದ್ದು 1957ರ ಆಗಸ್ಟ್ 31ರಂದು. ಅದೇ ವರ್ಷ ಕೌಲಾಲಂಪುರದಲ್ಲಿ ‘ಮರ್ಡೇಕ’, ಎಂದರೆ ಸ್ವಾತಂತ್ರ್ಯ, ಎಂಬ ಹೆಸರಿನ ಪಂದ್ಯಾವಳಿ ಆರಂಭವಾಯಿತು. 1959ರಲ್ಲಿ ಅದೇ ಕೌಲಾಲಂಪುರದಲ್ಲಿ ಏಷ್ಯದ ತರುಣರ ಚಾಂಪಿಯನ್‌ಷಿಪ್ ಪ್ರಥಮವಾಗಿ ನಡೆದು ದಕ್ಷಿಣ ಕೊರಿಯ ವಿಜಯಿಯಾಯಿತು. ಹೊಸದಾಗಿ ಸ್ವತಂತ್ರವಾದ ರಾಷ್ಟ್ರವೊಂದಕ್ಕೆ ಸೈನ್ಯ, ನಾಣ್ಯ, ಧ್ವಜಗಳಂತೆ ಒಂದು ತಂಡವೂ ಬೇಕಾಗಿತ್ತು. ಅದೂ ತರುಣರ ತಂಡವಾದರೆ ಅದಕ್ಕೆ ಮತ್ತೊಂದು ಅರ್ಥವಿತ್ತು: ಪರರ ಆಳ್ವಿಕೆಯ ನೆನಪು ಕಡಿಮೆಯಾದ, ಸ್ವಾತಂತ್ರ್ಯದೊಡನೆ ಬೆಳೆದ ಪೀಳಿಗೆಯನ್ನು ಲೋಕಕ್ಕೆ ತೋರಿಸಿದಂತಾಗುತ್ತಿತ್ತು.

ಈ ಪಂದ್ಯಾವಳಿಯಲ್ಲಿ ಆಗ್ನೇಯ ಏಷ್ಯದ ಪೈಕಿ ಮೆರೆದದ್ದು ಬರ್ಮ. 1961ರಿಂದ 1970ರೊಳಗೆ ಅದು ಏಳು ಸಲ ಪ್ರಶಸ್ತಿಯನ್ನು ಗಳಿಸಿತು. ಅವುಗಳಲ್ಲಿ ಕೆಲವು ಜಂಟಿಯಾಗಿ ಹಂಚಿಕೊಂಡವು. 1870ರ ದಶಕದ ಕೊನೆಯಲ್ಲಿ ರಂಗೂನಿನ ಶಾಲೆಯೊಂದರಲ್ಲಿ ಜಾರ್ಜ್ ಸ್ಕಾಟ್ ಎಂಬ ಅಧ್ಯಾಪಕ ಹುಡುಗರಿಗೆ ಕಲಿಸಿದ ಆಟ ಎರಡೇ ತಲೆಮಾರುಗಳಲ್ಲಿ ಆ ನಾಡಿನ ಆಟವೇ ಆಗಿಬಿಟ್ಟಿತ್ತು. ಬಳಿಕ ಬರ್ಮದ ರಾಜಕೀಯವೂ ಆರ್ಥಿಕಸ್ಥಿತಿಯೂ ಕುಸಿದಂತೆ ಅದರ ಕಾಲ್ಚೆಂಡಾಟವೂ ಕುಸಿಯಿತು.

ಈಗ ಆಗ್ನೇಯ ಏಷ್ಯಕ್ಕೆ ತನ್ನದೇ ಆದ ಒಕ್ಕೂಟವಿದೆ. 1984ರಲ್ಲಿ ಜಕಾರ್ತದಲ್ಲಿ ಆರು ರಾಷ್ಟ್ರಗಳು ಕೂಡಿ ಅದನ್ನು ಸ್ಥಾಪಿಸಿದವು. ವಿಯೆಟ್ನಾಂ, ಲಾವೋಸ್, ಕಾಂಬೋಡಿಯ, ಮ್ಯಾನ್ಮಾರ್ 1990ರ ದಶಕದಲ್ಲಿ ಬಂದು ಸೇರಿದವು. 2002ರಿಂದ ಅದು ಹತ್ತೊಂಬತ್ತರ ಒಳಗಿನವರಿಗೂ ಪಂದ್ಯಾವಳಿ ನಡೆಸುತ್ತ ಬಂದಿದೆ. 2013ರಲ್ಲಿ ಜಾವಾದ ಸಿದೋಅರ್ಜೋ ಪಟ್ಟಣದಲ್ಲಿ ಇಂಡೊನೇಷ್ಯದ ಹುಡುಗರು ವಿಯೆಟ್ನಾಮನ್ನು ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿದರು. 2022ರಲ್ಲಿ ಮಲೇಷ್ಯ, 2024ರಲ್ಲಿ ಮರಳಿ ಇಂಡೊನೇಷ್ಯ ಗೆದ್ದಿತು. ಭಾರತ ಈ ಕೂಟದ ಸದಸ್ಯನಲ್ಲ. ನಮ್ಮದು 1997ರಲ್ಲಿ ಸ್ಥಾಪಿತವಾದ ದಕ್ಷಿಣ ಏಷ್ಯದ ಕೂಟ. ಅದರ ತರುಣ ಪಂದ್ಯಾವಳಿಗಳಲ್ಲಿ ನಮ್ಮ ಹುಡುಗರು 2022ರಲ್ಲಿ ಭುವನೇಶ್ವರದಲ್ಲಿಯೂ 2025ರಲ್ಲಿ ಅರುಣಾಚಲ ಪ್ರದೇಶದ ಯೂಪಿಯಾದಲ್ಲಿಯೂ ಜಯಗಳಿಸಿದ್ದಾರೆ. ಹೀಗಾಗಿ ಕೋಲಾರದ ಹುಡುಗನೊಬ್ಬ ಇಂದು ತರುಣ ತಂಡಕ್ಕೆ ಆಯ್ಕೆಯಾದರೂ ಅವನ ಮೊದಲ ಎದುರಾಳಿ ಬಹುಮಟ್ಟಿಗೆ ಬಾಂಗ್ಲಾದೇಶ ಅಥವಾ ನೇಪಾಳ; ಬ್ಯಾಂಕಾಕ್, ಜಕಾರ್ತಗಳ ದಾರಿ ಅದರ ಆಚೆಗೆ.

ಹಿಂದೆ ಹಾಗಿರಲಿಲ್ಲ. ಭಾರತದ ಕಾಲ್ಚೆಂಡಾಟದ ಎರಡು ದೊಡ್ಡ ವಿಜಯಗಳು ಆಗ್ನೇಯ ಏಷ್ಯದ ನೆಲದ ಮೇಲೆಯೇ ದೊರೆತವು. ಮೊದಲನೆಯದು 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಸ್ವರ್ಣಪದಕ. ಇಸ್ರೇಲ್ ಮತ್ತು ತೈವಾನ್‌ಗಳನ್ನು ಇಂಡೊನೇಷ್ಯ ಹೊರಗಿಟ್ಟದ್ದನ್ನು ಭಾರತದ ಪ್ರತಿನಿಧಿ ಸೋಂಧಿಯವರು ವಿರೋಧಿಸಿದ್ದರಿಂದ ಊರೆಲ್ಲ ನಮ್ಮವರ ಮೇಲೆ ಮುನಿದಿತ್ತು. ಸೆಪ್ಟೆಂಬರ್ 4ರಂದು ಸೆನಾಯನ್ ಕ್ರೀಡಾಂಗಣದಲ್ಲಿ ತುಂಬಿದ್ದ ಜನ ಭಾರತದ ತಂಡವನ್ನು ಹೀಯಾಳಿಸುತ್ತಿದ್ದಂತೆಯೇ, ರಹೀಮ್ ಅವರ ಶಿಷ್ಯರು ದಕ್ಷಿಣ ಕೊರಿಯವನ್ನು 2–1ರಿಂದ ಸೋಲಿಸಿದರು. ಪಿ. ಕೆ. ಬ್ಯಾನರ್ಜಿಯವರದು ಒಂದು ಗೋಲು. ತಲೆಗೆ ಹೊಲಿಗೆ ಹಾಕಿಸಿಕೊಂಡು ಬಂದ ಜರ್ನೈಲ್ ಸಿಂಗರದು ಇನ್ನೊಂದು. ಎರಡನೆಯ ವಿಜಯ 1974ರದು. ಬ್ಯಾಂಕಾಕಿನಲ್ಲಿ ನಡೆದ ಏಷ್ಯದ ತರುಣರ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯದಲ್ಲಿ ಷಬ್ಬೀರ್ ಅಲಿಯ ನಾಯಕತ್ವದ ಭಾರತ ಇರಾನಿನೊಡನೆ 2–2ರ ಸಮನಾಗಿ ಆಡಿ ಪ್ರಶಸ್ತಿಯನ್ನು ಹಂಚಿಕೊಂಡಿತು. ಆ ಹುಡುಗರನ್ನು ತರಬೇತುಗೊಳಿಸಿದ ಅರುಣ್ ಘೋಷರು ಜಕಾರ್ತದ ತಂಡದಲ್ಲಿ ಆಡಿದ್ದವರು. ಒಂದು ಪೀಳಿಗೆ ಕಲಿತದ್ದನ್ನು ಮುಂದಿನದಕ್ಕೆ ಕೈಯಾರೆ ದಾಟಿಸಿದ ಉದಾಹರಣೆಯಿದು. ಆ ವಯೋಮಾನದಲ್ಲಿ ಏಷ್ಯದ ಪ್ರಶಸ್ತಿ ಅಂದಿನಿಂದ ಇಂದಿನವರೆಗೆ ಭಾರತಕ್ಕೆ ಮತ್ತೆ ಬಂದಿಲ್ಲ.

ಈ ವೃತ್ತಾಂತದಲ್ಲಿ ಮೈಸೂರಿನ ಪಾಲೆಷ್ಟು? ಕನ್ನಡನಾಡಿನವರು ಸಾಮಾನ್ಯವಾಗಿ ತಿಳಿದಿರುವುದಕ್ಕಿಂತ ಹೆಚ್ಚು. ಬೊಂಬಾಯಿಯ ರೋವರ್ಸ್ ಕಪ್ಪನ್ನು ಬಿಳಿಯ ಸಿಪಾಯಿಗಳ ಕೈಯಿಂದ ಮೊದಲು ಕಿತ್ತುಕೊಂಡ ಭಾರತೀಯ ತಂಡ 1937ರ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದೇ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಮತ್ತು ಧನರಾಜ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘದ ‘ಪಂಚಪಾಂಡವ’ರಲ್ಲಿ ಇಬ್ಬರೆಂದು ಹೆಸರಾದರು. 1956ರ ಮೆಲ್ಬರ್ನಿನಲ್ಲಿ ನಾಲ್ಕನೆಯ ಸ್ಥಾನ ಗಳಿಸಿದ ತಂಡದಲ್ಲಿ ಮೈಸೂರಿನ ಕೆಂಪಯ್ಯನವರಿದ್ದರು. ಜಕಾರ್ತದ ಸ್ವರ್ಣಪದಕದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಮೈಸೂರು 1946–47, 1952–53, 1967–68, 1968–69ರಲ್ಲಿ ಗೆದ್ದಿತು. ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಬಗ್ಗಿದ್ದು ಬಂಗಾಳ. ಕರ್ನಾಟಕವೆಂಬ ಹೆಸರು ಬಂದ ಮೇಲೆ ಅದನ್ನು ಮತ್ತೆ ಗೆಲ್ಲಲು 2023ರ ಮಾರ್ಚಿಯವರೆಗೆ, 54 ವರ್ಷ, ಕಾಯಬೇಕಾಯಿತು. ಆ ಪಂದ್ಯ ನಡೆದದ್ದು ಅರಬ್ಬೀ ದೇಶದ ರಿಯಾದಿನಲ್ಲಿ.

ಈ ಹೆಸರುಗಳಲ್ಲಿ ಒಂದು ಅಂಶ ಎದ್ದು ಕಾಣುತ್ತದೆ. ಹೆಚ್ಚಿನವರು ಬೆಂಗಳೂರಿನ ದಂಡುಪ್ರದೇಶದ ಸುತ್ತಮುತ್ತಿನವರು. ತಮಿಳು ಅಥವಾ ದಖ್ಖನಿ ಮನೆಮಾತಿನವರು. ದಂಡಿಗೆ, ರೈಲಿಗೆ, ಕಾರ್ಖಾನೆಗೆ ದುಡಿಯಬಂದವರ ಕುಲದವರು. ಕಾಲ್ಚೆಂಡಾಟ ನಮ್ಮಲ್ಲಿ ಅಗ್ರಹಾರದ ಆಟವಾಗಲಿಲ್ಲ, ಒಕ್ಕಲುತನದ ಹಳ್ಳಿಯ ಆಟವೂ ಆಗಲಿಲ್ಲ. ಸಂಬಳಕ್ಕೆ ದುಡಿಯುವ ಜನ ಸಾಲುಮನೆಗಳಲ್ಲಿ ಒತ್ತಾಗಿ ವಾಸಿಸುವ ಎಡೆಗಳಲ್ಲಿ ಅದು ಬೇರುಬಿಟ್ಟಿತು. ಅಂಥ ಎಡೆಗಳಲ್ಲಿ ಕೋಲಾರದ ಗಣಿಪ್ರದೇಶಕ್ಕೆ ಸಮನಾದುದು ಸಂಸ್ಥಾನದಲ್ಲಿ ಮತ್ತೊಂದಿರಲಿಲ್ಲ.

ಜಾನ್ ಟೇಲರ್ ಮತ್ತು ಮಕ್ಕಳ ಕಂಪೆನಿ 1880ರಿಂದ ಇಲ್ಲಿ ಕಾಲೂರಿತು. ಮೈಸೂರು ಗಣಿ, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳು ಒಂದರ ಪಕ್ಕದಲ್ಲೊಂದು ಎದ್ದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ ರೈಲುಹಾದಿ ಬಂದಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದಿತು. ಮೇಲಧಿಕಾರಿಗಳಾಗಿಯೂ ಕುಶಲಕರ್ಮಿಗಳಾಗಿಯೂ ಇಂಗ್ಲೆಂಡಿನವರು, ಅವರಲ್ಲಿಯೂ ಕಾರ್ನ್‌ವಾಲಿನ ಗಣಿಗಾರರು, ಬಂದರು. ಸುರಂಗಕ್ಕಿಳಿದವರು ಬಹುಮಟ್ಟಿಗೆ ಉತ್ತರ ಆರ್ಕಾಟು ಮತ್ತು ಚಿತ್ತೂರು ಕಡೆಗಳಿಂದ ಮೇಸ್ತ್ರಿಗಳು ಕರೆತಂದ, ಊರಿನಲ್ಲಿ ನೆಲವಿಲ್ಲದ, ಅಸ್ಪೃಶ್ಯರೆನಿಸಿಕೊಂಡಿದ್ದ ಜನ. ಗಣಿ ಹತ್ತು ಸಾವಿರ ಅಡಿಗೂ ಮಿಕ್ಕಿ ಆಳವಾಯಿತು. ದೊರೆಗಳಿಗೆ ಕ್ಲಬ್ಬು, ಗಾಲ್ಫ್ ಮೈದಾನಗಳಿದ್ದವು. ಕಾರ್ಮಿಕರ ಮಕ್ಕಳಿಗೆ ದಕ್ಕಿದ್ದು ಸಮತಟ್ಟಾದ ನೆಲ ಮತ್ತು ಹತ್ತಿಪ್ಪತ್ತು ಮಂದಿಗೆ ಒಂದೇ ಸಾಕಾಗುವ ಚೆಂಡು. ಸಯನೈಡ್ ಗುಡ್ಡಗಳೆಂದು ಜನ ಕರೆಯುವ ಬಿಳಿಮಣ್ಣಿನ ರಾಶಿಗಳ ಬುಡದಲ್ಲಿ ಇಂದಿಗೂ ಸಂಜೆ ಹುಡುಗರು ಆಡುವುದನ್ನು ಕಾಣಬಹುದು.

ಆಗ್ನೇಯ ಏಷ್ಯದ ವಿದ್ಯಮಾನವನ್ನು ಇದರೊಡನೆ ಹೋಲಿಸುವುದು ಇಲ್ಲಿ ಉಪಯುಕ್ತ. ಅದೇ ದಶಕಗಳಲ್ಲಿ ಅದೇ ತಮಿಳು ಜಿಲ್ಲೆಗಳಿಂದ ಕಂಗಾಣಿಗಳೆಂಬ ಮೇಸ್ತ್ರಿಗಳು ಜನರನ್ನು ಕೂಡಿಸಿ ಮಲಯದ ರಬ್ಬರ್ ತೋಟಗಳಿಗೆ ಹಡಗಿನಲ್ಲಿ ಕಳುಹಿಸುತ್ತಿದ್ದರು. ಒಂದೇ ಸೀಮೆಯ ಜನರಲ್ಲಿ ಕೆಲವರು ಗಣಿಯ ಸಾಲುಮನೆಗೆ, ಕೆಲವರು ತೋಟದ ಸಾಲುಮನೆಗೆ ಹೋದರೆಂದರೆ ಅತಿಶಯೋಕ್ತಿಯಾಗದು. ಎರಡು ಕಡೆಯೂ ಬಿಳಿಯರ ಕಂಪೆನಿಯ ಆಡಳಿತ, ಎರಡು ಕಡೆಯೂ ಕಾಲ್ಚೆಂಡು. ಮುಂದಿನ ಗತಿ ಮಾತ್ರ ಬೇರೆಯಾಯಿತು. ಮಲೇಷ್ಯದ ರಾಷ್ಟ್ರೀಯ ತಂಡದಲ್ಲಿ ಭಾರತೀಯ ಮೂಲದವರು ಸ್ಥಾನ ಪಡೆದರು. ದೇಶವೇ ಚಿಕ್ಕದು, ತಂಡವನ್ನು ಹುಡುಕುವವರಿಗೆ ಎಲ್ಲ ಮೈದಾನಗಳೂ ಹತ್ತಿರ. 1980ರ ಮಾಸ್ಕೋ ಒಲಿಂಪಿಕ್ಸಿಗೆ ಅರ್ಹತೆ ಗಳಿಸಿ, ರಾಜಕೀಯ ಕಾರಣದಿಂದ ಅಲ್ಲಿಗೆ ಹೋಗದೆ ಉಳಿದ ಮಲೇಷ್ಯ ತಂಡದ ಗೋಲುರಕ್ಷಕ ಆರುಮುಗಂ ಅವರನ್ನು ಆ ನಾಡಿನವರು ಇಂದಿಗೂ ನೆನೆಯುತ್ತಾರೆ. ಇತ್ತ ಗಣಿಯ ಹುಡುಗ ರಾಷ್ಟ್ರೀಯ ತಂಡವನ್ನು ಕಾಣಬೇಕಾದರೆ ಮೊದಲು ಬೆಂಗಳೂರಿನ ಕಣ್ಣಿಗೆ ಬೀಳಬೇಕು, ಬಳಿಕ ಕಲ್ಕತ್ತೆಯ ಕಣ್ಣಿಗೆ ಬೀಳಬೇಕು. ಅಹಮದ್ ಖಾನರಿಂದ ಅರುಮೈನಾಯಗಂವರೆಗೆ ಎಲ್ಲರ ದಾರಿಯೂ ಇದೇ.

ಈ ದಾರಿಯ ಮೊದಲ ಮೆಟ್ಟಲನ್ನು ಒದಗಿಸಿದ್ದು ಸರಕಾರವಲ್ಲ, ಉದ್ಯೋಗದಾತ ಸಂಸ್ಥೆ. ಇದನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ರಾಷ್ಟ್ರೀಯ ತಂಡವೆಂದೊಡನೆ ರಾಷ್ಟ್ರವೇ ಅದನ್ನು ಬೆಳೆಸಿತೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಸಹಜವಾಗಿ ಮೂಡುತ್ತದೆ. ಬೆಂಗಳೂರಿನ ವಿಮಾನ ಕಾರ್ಖಾನೆ, ದೂರವಾಣಿ ಕಾರ್ಖಾನೆ, ಮದ್ರಾಸ್ ಸ್ಯಾಪರ್ಸ್ ಪಡೆ ಮೊದಲಾದವು ಚೆಂಡಾಡುವವನಿಗೆ ಕೆಲಸ ಕೊಟ್ಟವು. ಬೆಳಗಿನ ಅಭ್ಯಾಸಕ್ಕೆ ಬಿಡುವು, ಪಂದ್ಯದ ದಿನ ರಜೆ, ಗಾಯವಾದರೆ ಆಸ್ಪತ್ರೆ, ಆಟ ಮುಗಿದ ಮೇಲೂ ಸಂಬಳ ಮತ್ತು ನಿವೃತ್ತಿವೇತನ. ಹದಿನೆಂಟು ವರ್ಷದ ಮಗನನ್ನು ಆಟಕ್ಕೆ ಬಿಡಬಹುದೆಂಬ ಧೈರ್ಯ ಬಡತಂದೆಗೆ ಹುಟ್ಟುತ್ತಿದ್ದುದು ಇದರಿಂದ. ದೇಶದ ಮಟ್ಟದಲ್ಲಿ ಶಾಲೆಗಳಿಗೆ 1960ರಿಂದ ಸುಬ್ರೊತೊ ಕಪ್, ಕಿರಿಯರಿಗೆ 1962ರಿಂದ ಬಿ. ಸಿ. ರಾಯ್ ಟ್ರೋಫಿ ಬಂದವು. ಇವು ಆಯುವ ಜರಡಿಗಳು; ಆಯಲು ಮೊದಲು ಕಾಳಿರಬೇಕು. ಕಾಳನ್ನು ಬೆಳೆದದ್ದು ಕಾರ್ಖಾನೆ, ಗಣಿ, ರೈಲು ವಸತಿಗಳ ಮೈದಾನ.

ತರುಣ ತಂಡಕ್ಕೆ ಮಾತ್ರ ಸಂಬಂಧಿಸಿದ ಒಂದು ಪ್ರಶ್ನೆಯುಂಟು: ವಯಸ್ಸು. ನಿಯಮ ಸರಳವಾಗಿದೆ. ಇಪ್ಪತ್ತರ ಒಳಗಿನವರ ಪಂದ್ಯಾವಳಿ 2025ರಲ್ಲಿ ನಡೆದರೆ 2005ರ ಜನವರಿ 1 ಅಥವಾ ಅದರ ಈಚೆಗೆ ಹುಟ್ಟಿದವರು ಮಾತ್ರ ಅರ್ಹರು. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಇಲ್ಲಿ ಒಂದೇ ವಯಸ್ಸಿನವರು. ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ಹನ್ನೊಂದು ತಿಂಗಳ ವ್ಯತ್ಯಾಸವೆಂದರೆ ಎತ್ತರದಲ್ಲಿ, ತೂಕದಲ್ಲಿ, ಓಟದಲ್ಲಿ ಕಾಣುವ ವ್ಯತ್ಯಾಸ. ಆದ್ದರಿಂದ ಆಯ್ಕೆಗಾರರ ಕಣ್ಣು ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರ ಮೇಲೆ ಹೆಚ್ಚಾಗಿ ಬೀಳುತ್ತದೆಂಬುದು ಅನೇಕ ದೇಶಗಳ ತರುಣ ತಂಡಗಳಲ್ಲಿ ಕಂಡುಬಂದಿದೆ. ನಮ್ಮಲ್ಲಿ ಇದರ ಮೇಲೆ ಇನ್ನೊಂದು ತೊಡಕು. ಕಾಲೇಜಿನ ಹಳೆಯ ದಾಖಲಾತಿ ಪುಸ್ತಕಗಳನ್ನು ತೆರೆದು ನೋಡಿದ ಅಧ್ಯಾಪಕರಿಗೆಲ್ಲ ತಿಳಿದಂತೆ ನಮ್ಮ ನಾಡಿನಲ್ಲಿ ಜೂನ್ 1ರಂದು ಹುಟ್ಟಿದವರ ಸಂಖ್ಯೆ ವಿಸ್ಮಯಕರ. ಮಗುವನ್ನು ಶಾಲೆಗೆ ಸೇರಿಸುವ ದಿನ ಮೇಷ್ಟರು ಅಂದಾಜಿನಿಂದ ಬರೆದುಕೊಂಡದ್ದೇ ಜನ್ಮದಿನವಾಯಿತು. ಅದರಲ್ಲಿ ಮೋಸವಿರಲಿಲ್ಲ, ಹುಟ್ಟಿದ ದಿನವನ್ನು ಬೆಳೆಯಿಂದಲೋ ಜಾತ್ರೆಯಿಂದಲೋ ಗುರುತಿಟ್ಟುಕೊಳ್ಳುವ ಜನಕ್ಕೆ ತಾರೀಖು ಬೇಕಾಗಿರಲಿಲ್ಲ. ಜನಗಣತಿಗಳಲ್ಲಿ ವಯಸ್ಸುಗಳೆಲ್ಲ ಐದು ಮತ್ತು ಸೊನ್ನೆಗಳ ಮೇಲೆ ಗುಂಪುಗೂಡುವುದೂ ಈ ಕಾರಣದಿಂದಲೇ. ಆದರೆ ಅಂದಾಜಿನ ತಾರೀಖು ಪಂದ್ಯಾವಳಿಯ ಕಟ್ಟಳೆಯೆದುರು ಬಂದಾಗ ಅದನ್ನು ಒಂದೆರಡು ವರ್ಷ ಅತ್ತಿತ್ತ ಸರಿಸುವ ಪ್ರಲೋಭನೆ ಬೆಳೆಯಿತು. ಏಷ್ಯದ, ಆಫ್ರಿಕದ ಹಲವು ದೇಶಗಳ ತರುಣ ತಂಡಗಳ ಮೇಲೆ ಈ ಆಪಾದನೆ ಬಂದಿದೆ.

ಇದಕ್ಕೆ ಪರಿಹಾರವಾಗಿ ವಿಶ್ವ ಒಕ್ಕೂಟ 2009ರಲ್ಲಿ ನೈಜೀರಿಯದಲ್ಲಿ ನಡೆದ ಹದಿನೇಳರ ಒಳಗಿನವರ ವಿಶ್ವಕಪ್ಪಿನಿಂದ ಮಣಿಕಟ್ಟಿನ ಕಾಂತೀಯ ಚಿತ್ರವನ್ನು ಬಳಸತೊಡಗಿತು. ಮುಂಗೈಯ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಮೃದ್ವಸ್ಥಿಯ ಪಟ್ಟಿಯೊಂದಿರುತ್ತದೆ. ಬೆಳೆದಂತೆ ಅದು ಮೂಳೆಯೊಡನೆ ಬೆಸೆದುಹೋಗುತ್ತದೆ. ಹದಿನೇಳಕ್ಕೆ ಮೊದಲು ಅದು ಪೂರ್ತಿ ಬೆಸೆದಿರುವುದು ಬಹು ವಿರಳ. ಬೆಸೆದಿದ್ದರೆ ಹುಡುಗ ತಂಡದಿಂದ ಹೊರಗೆ, ಕಾಗದ ಏನನ್ನೇ ಹೇಳಲಿ. ಗಣಿಯ ಚರಿತ್ರೆಯನ್ನು ಓದಿದವರಿಗೆ ಇಲ್ಲಿ ಬೇರೊಂದು ಸಂಗತಿ ನೆನಪಾಗದಿರದು. 1930ರಲ್ಲಿ ಕಂಪೆನಿಗಳು ಕಾರ್ಮಿಕರ ಬೆರಳಚ್ಚುಗಳನ್ನು ದಾಖಲಿಸಹೊರಟಾಗ ಸಹಸ್ರಾರು ಮಂದಿ ಕೆಲಸ ನಿಲ್ಲಿಸಿ ಹೊರಬಂದರು. ಕಳ್ಳರಿಂದ ಪಡೆಯುವ ಗುರುತನ್ನು ತಮ್ಮಿಂದ ಪಡೆಯಬಾರದೆಂಬುದು ಅವರ ಮನೋಭಾವ. ಮೂಳೆಯ ಪರೀಕ್ಷೆ ಅಂಥ ಅವಮಾನವಲ್ಲ, ನಿಜ. ಕಿರಿಯ ಹುಡುಗನ ಸ್ಥಾನವನ್ನು ಹಿರಿಯನು ಕಸಿಯದಂತೆ ಅದು ಕಾಯುತ್ತದೆ. ಆದರೂ ವೈದ್ಯಶಾಸ್ತ್ರವನ್ನು ಬಲ್ಲವರು ಒಪ್ಪುವಂತೆ ಮೂಳೆಯ ವಯಸ್ಸೆಂಬುದು ಸಂಭವನೀಯತೆ, ತಾರೀಖಲ್ಲ. ಆಹಾರ, ರೋಗ, ವಂಶ ಇವುಗಳಿಂದ ಅದು ಹಿಂದುಮುಂದಾಗುತ್ತದೆ. ಸಾಚಾ ಹುಡುಗನೊಬ್ಬ ಈ ಪರೀಕ್ಷೆಯಿಂದ ಹೊರಬಿದ್ದರೆ ತನ್ನ ಪರವಾಗಿ ತೋರಿಸಲು ಅವನಲ್ಲಿ ನಂಬಲರ್ಹವಾದ ಜನನಪತ್ರವಿರಬೇಕು. ಆಸ್ಪತ್ರೆಯಲ್ಲಿ ಹುಟ್ಟಿದವನಿಗೂ ಮನೆಯಲ್ಲಿ ಹುಟ್ಟಿದವನಿಗೂ ನಡುವೆ ಅಂತರ ಇಲ್ಲಿ ಪ್ರಾರಂಭವಾಗುತ್ತದೆ.

ಇತ್ತೀಚಿನ ತಂಡಗಳ ರಚನೆ ಹೇಗೆ ಬದಲಾಗಿದೆಯೆಂಬುದಕ್ಕೆ 2017ರ ತಂಡವನ್ನು ನೋಡಬಹುದು. ಹದಿನೇಳರ ಒಳಗಿನವರ ವಿಶ್ವಕಪ್ ಆ ವರ್ಷ ಭಾರತದಲ್ಲಿಯೇ ನಡೆಯಿತು. ನಮ್ಮ ತಂಡದ 21 ಹುಡುಗರಲ್ಲಿ 8 ಮಂದಿ ಮಣಿಪುರವೆಂಬ ಒಂದೇ ಪುಟ್ಟ ರಾಜ್ಯದವರು. ಅಕ್ಟೋಬರ್ 9ರಂದು ದೆಹಲಿಯಲ್ಲಿ ಕೊಲಂಬಿಯದ ವಿರುದ್ಧ ಭಾರತದ ಮೊಟ್ಟಮೊದಲ ವಿಶ್ವಕಪ್ ಗೋಲನ್ನು ತಲೆಯಿಂದ ಹೊಡೆದ ಜೀಕ್ಸನ್ ಸಿಂಗ್ ಮಣಿಪುರದವನು. ಅವನ ತಲೆಗೆ ಮೂಲೆಯಿಂದ ಚೆಂಡನ್ನು ಒದ್ದು ಕಳಿಸಿದ ಸಂಜೀವ್ ಸ್ಟಾಲಿನ್ ಬೆಂಗಳೂರಿನವನು. ಮರುಗಳಿಗೆಯೇ ಕೊಲಂಬಿಯ ಮತ್ತೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಮರುವರ್ಷ ಮಲೇಷ್ಯದಲ್ಲಿ ನಡೆದ ಏಷ್ಯದ ಹದಿನಾರರ ಒಳಗಿನವರ ಪಂದ್ಯಾವಳಿಯಲ್ಲಿ ಭಾರತ ಎಂಟರ ಘಟ್ಟವನ್ನು ಮುಟ್ಟಿ ದಕ್ಷಿಣ ಕೊರಿಯಕ್ಕೆ ಒಂದೇ ಗೋಲಿನಿಂದ ಸೋತಿತು. ಇಂದು ಹುಡುಗರನ್ನು ಹನ್ನೆರಡು ಹದಿಮೂರರಲ್ಲಿಯೇ ಆಯ್ದು ವಸತಿಶಾಲೆಗಳಲ್ಲಿಟ್ಟು ಬೆಳೆಸುತ್ತಾರೆ. ಉದ್ಯೋಗದಾತನ ಸ್ಥಾನಕ್ಕೆ ಅಕಾಡೆಮಿಯೂ 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ.ಯಂಥ ವೃತ್ತಿಪರ ಸಂಘವೂ ಬಂದಿವೆ. ಆಟದ ಮಟ್ಟ ಇದರಿಂದ ಏರಿದೆಯೆಂಬುದನ್ನು ಅಲ್ಲಗಳೆಯಲಾಗದು. ಆದರೆ ಹಳೆಯ ಪದ್ಧತಿಯಲ್ಲಿ ಇಪ್ಪತ್ತನೆಯ ವಯಸ್ಸಿನಲ್ಲಿ ತಂಡದಿಂದ ಬಿಟ್ಟುಹೋದವನಿಗೂ ಕಾರ್ಖಾನೆಯ ಕೆಲಸ ಉಳಿಯುತ್ತಿತ್ತು. ಅಕಾಡೆಮಿಯಿಂದ ಹೊರಬಿದ್ದ ಹುಡುಗನಿಗೆ ಏನು ಉಳಿಯುತ್ತದೆಂಬುದನ್ನು ನಮ್ಮ ಸಮಾಜಶಾಸ್ತ್ರಜ್ಞರು ವಿಚಾರಿಸುವುದು ಅಗತ್ಯ.

ಗಣಿಪ್ರದೇಶದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣ. ಗಣಿಗಳು 1956ರಲ್ಲಿ ಮೈಸೂರು ಸರಕಾರದ ಕೈಗೂ, 1962ರಲ್ಲಿ ಕೇಂದ್ರದ ಕೈಗೂ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾದವು. 2001ರ ಫೆಬ್ರವರಿ 28ರಂದು ಆ ಸಂಸ್ಥೆಯನ್ನು ಮುಚ್ಚಲಾಯಿತು. ಅಂದು ನಿಂತದ್ದು ಚಿನ್ನದ ಉತ್ಪಾದನೆಯೊಂದೇ ಅಲ್ಲ. ಆಸ್ಪತ್ರೆ, ನೀರು, ಮೈದಾನದ ಹುಲ್ಲು ಕೊಯ್ಯುವವನ ಸಂಬಳ ಎಲ್ಲವೂ ಒಂದೇ ಬೊಕ್ಕಸದಿಂದ ಬರುತ್ತಿದ್ದುವು. 1964ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಕಾರ್ಖಾನೆ ಊರಿನ ಒಂದು ಭಾಗಕ್ಕೆ ಆಸರೆಯಾಯಿತು. ಉಳಿದವರು ರೈಲನ್ನು ನೆಚ್ಚಿದರು. ಇಂದು ಮಾರಿಕುಪ್ಪದಿಂದ ಹೊರಡುವ ಬೆಳಗಿನ ಗಾಡಿಗಳಲ್ಲಿ ಸಹಸ್ರಾರು ಮಂದಿ ಚಾಂಪಿಯನ್, ಊರಿಗಾಂ, ಕೋರಮಂಡಲ ನಿಲ್ದಾಣಗಳಲ್ಲಿ ಹತ್ತಿ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗಿ ಕತ್ತಲಾದ ಮೇಲೆ ಹಿಂದಿರುಗುತ್ತಾರೆ. ಅದೇ ಗಾಡಿಯಲ್ಲಿ ಕಾಲ್ಚೀಲವನ್ನೂ ಬೂಟನ್ನೂ ಚೀಲದಲ್ಲಿಟ್ಟುಕೊಂಡು ಬೆಂಗಳೂರಿನ ಸಂಘವೊಂದರ ಅಭ್ಯಾಸಕ್ಕೆ ಹೋಗುವ ಹುಡುಗ, ಸಂಜೆ ಐದಕ್ಕೆ ಮೈದಾನ ಬಿಟ್ಟರೆ ಮಾತ್ರ ರಾತ್ರಿಯ ಊಟಕ್ಕೆ ಮನೆ ಸೇರುತ್ತಾನೆ. ತರಬೇತುದಾರರು ಆಯ್ಕೆಯ ಪಂದ್ಯವನ್ನು ಆಡಿಸುವುದು ಬಹುಮಟ್ಟಿಗೆ ಐದರ ಮೇಲೆ.